ಎರಡೂವರೆ ಗುಂಟೆ ನೆಲ

ಅಲಾಟ್‌ಮೆಂಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ಬೆಂಗಳೂರಿನವನ ಮನಸ್ಸು ಸೈಟಿನ ಕಡೆಗೆ ಓಡುತ್ತದೆ. ಅರ್ಜಿ, ಠೇವಣಿ, ವರ್ಷಗಟ್ಟಲೆಯ ಕಾಯುವಿಕೆ, ಕೊನೆಗೆ ಅದೃಷ್ಟವಿದ್ದರೆ ಮೂವತ್ತು-ನಲವತ್ತರ ಒಂದು ತುಂಡು: ನಮ್ಮ ಪಾಲಿಗೆ ಈ ಮಾತಿನ ಅರ್ಥ ಇಷ್ಟೇ. ಅದು ಹುಟ್ಟಿದ ಇಂಗ್ಲೆಂಡಿನಲ್ಲಿ ಜನಸಾಮಾನ್ಯರಿಗೆ ಅದರ ಅರ್ಥವೇ ಬೇರೆ. ಅಲ್ಲಿಯೂ ಅರ್ಜಿ ಹಾಕಬೇಕು, ಅಲ್ಲಿಯೂ ಕಾಯಬೇಕು. ಆದರೆ ಕೈಗೆ ಬಂದ ತುಂಡಿನ ಮೇಲೆ ಮನೆ ಕಟ್ಟುವ ಹಾಗಿಲ್ಲ. ಅಗೆಯಬೇಕು, ಬಿತ್ತಬೇಕು, ತನ್ನ ಮನೆಗೆ ಬೇಕಾದ ಕೋಸು, ಈರುಳ್ಳಿ, ಆಲೂಗಡ್ಡೆಗಳನ್ನು ತಾನೇ ಬೆಳೆದುಕೊಳ್ಳಬೇಕು. ನೆಲ ಸಾಮಾನ್ಯವಾಗಿ ಊರಿನ ಪುರಸಭೆಯದು. ವರ್ಷಕ್ಕಿಷ್ಟು ಎಂದು ಗೇಣಿ ಕೊಟ್ಟು ಉತ್ತು ಉಣ್ಣುವ ಹಕ್ಕು ಮಾತ್ರ ಹಿಡುವಳಿದಾರನದು.

ಈ ತುಂಡಿನ ವಾಡಿಕೆಯ ಅಳತೆ ಹತ್ತು ರಾಡ್. ರಾಡ್ ಎಂಬುದು ಹದಿನಾರೂವರೆ ಅಡಿ ಉದ್ದದ ಹಳೆಯ ಅಳತೆಗೋಲು. ಎಕರೆಗೆ ೧೬೦ ಚದರ ರಾಡ್. ನಮ್ಮ ಲೆಕ್ಕದಲ್ಲಿ ಎಕರೆಗೆ ೪೦ ಗುಂಟೆ. ಆದುದರಿಂದ ಹತ್ತು ರಾಡ್ ಎಂದರೆ ಹೆಚ್ಚಿಲ್ಲ ಕಡಮೆಯಿಲ್ಲ, ಸರಿಯಾಗಿ ಎರಡೂವರೆ ಗುಂಟೆ. ಅರುವತ್ತು-ನಲವತ್ತರ ಸೈಟಿಗಿಂತ ತುಸು ದೊಡ್ಡದು, ಅಷ್ಟೆ. ಇಷ್ಟು ನೆಲಕ್ಕೆ ಇತಿಹಾಸವೇನು ಇದ್ದೀತು ಎಂದು ಓದುಗರು ಕೇಳಬಹುದು. ನನಗನ್ನಿಸುವಂತೆ, ಒಂದು ದೇಶದ ಬಡವನು ಯಾವ ಯಾವ ಕಾಲದಲ್ಲಿ ಏನೇನನ್ನು ಕಳೆದುಕೊಂಡ, ಅದಕ್ಕೆ ಬದಲಾಗಿ ಅವನಿಗೆ ಏನು ಸಿಕ್ಕಿತು ಎಂಬ ಜಮಾಖರ್ಚೆಲ್ಲ ಈ ಎರಡೂವರೆ ಗುಂಟೆಯಲ್ಲಿ ಬರೆದಿದೆ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಕನ್ನಡಿಗ ಗೆಳೆಯರೊಬ್ಬರಿಗೆ ಬಹುಕಾಲ ಕಾದ ಮೇಲೆ ಇಂಥದೊಂದು ತುಂಡು ದೊರೆಯಿತು. ಹಿಂದಿನ ಹಿಡುವಳಿದಾರನು ಕೈಬಿಟ್ಟು ಎರಡು ಮೂರು ವರ್ಷವಾಗಿದ್ದಿತು. ಮಾರ್ಚ್ ತಿಂಗಳಲ್ಲಿ ನಾನು ಅವರಲ್ಲಿಗೆ ಹೋಗಿದ್ದಾಗ ನೋಡಲು ಕರೆದುಕೊಂಡು ಹೋದರು. ಮೊಣಕಾಲುದ್ದದ ಹುಲ್ಲು, ಅದರ ನಡುನಡುವೆ ಮುಳ್ಳುಪೊದೆ. ಹಳೆಯ ಪಾತಿಗಳ ಗುರುತು ಕೂಡ ಇಲ್ಲ. "ಏನ್ರೀ ಇದು, ತೋಟವೋ ಗೋಮಾಳವೋ?" ಎಂದು ನಾನು ನಗೆಯಾಡಿದೆ. ಅವರು ಕೋಟು ಕಳಚಿ ಬೇಲಿಗೆ ನೇತುಹಾಕಿ, "ಮಾತು ಸಾಕು, ಸನಿಕೆ ಹಿಡಿಯಿರಿ" ಎಂದರು.

ಎರಡು ದಿನ ಅವರೊಡನೆ ಅಗೆದೆ. ಆ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು; ಏಕೆಂದರೆ ಶತಮಾನಗಳಿಂದ ಅದು ಹೆಚ್ಚು ಬದಲಾದಂತೆ ಕಾಣುವುದಿಲ್ಲ. ಮೊದಲು ಹುಲ್ಲನ್ನು ಬುಡಮಟ್ಟಕ್ಕೆ ಕೊಯ್ದು ಒಟ್ಟುವುದು. ತರುವಾಯ ಅಂಚಿನಲ್ಲಿ ಎರಡಡಿ ಅಗಲದ ಒಂದು ಕಾಲುವೆಯನ್ನು ಸನಿಕೆಯ ಅಲಗಿನಷ್ಟು ಆಳಕ್ಕೆ ತೋಡಿ, ಆ ಮಣ್ಣನ್ನು ತುಂಡಿನ ಕೊನೆಗೆ ಸಾಗಿಸಿ ಗುಡ್ಡೆ ಹಾಕುವುದು. ಪಕ್ಕದ ಎರಡಡಿಯ ಮೇಲಣ ಹುಲ್ಲುಹಾಸನ್ನು ಚಕ್ಕೆ ಚಕ್ಕೆಯಾಗಿ ಹೆರೆದು ಕಾಲುವೆಯ ತಳದಲ್ಲಿ ಬೇರು ಮೇಲಾಗುವಂತೆ ಮಗುಚಿ, ಸನಿಕೆಯಿಂದ ಕೊಚ್ಚಿ, ಅದರ ಮೇಲೆ ಅಲ್ಲಿಯದೇ ಮಣ್ಣನ್ನು ತಿರುವಿ ಹಾಕುವುದು. ಹೀಗೆ ಒಂದು ಕಾಲುವೆ ಮುಚ್ಚುವಾಗ ಇನ್ನೊಂದು ತೆರೆಯುತ್ತದೆ. ಕಟ್ಟಕಡೆಯ ಕಾಲುವೆಗೆ ಮೊದಲು ಸಾಗಿಸಿದ ಮಣ್ಣು. ಬೆಳಕು ಕಾಣದೆ ಹೂತ ಹುಲ್ಲು ಕೊಳೆತು ಗೊಬ್ಬರವಾಗುತ್ತದೆ. ನಮ್ಮ ಗುದ್ದಲಿಯವನು ಮಣ್ಣನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಮುಂದಕ್ಕೆ ಹೋಗುತ್ತಾನೆ. ಸನಿಕೆಯವನು ಅದನ್ನು ಕಾಲಿನಿಂದ ತುಳಿದು ಇಳಿಸಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾನೆ. ಅಗೆದ ನೆಲವನ್ನು ಮತ್ತೆ ತುಳಿಯುವುದಿಲ್ಲ.

ಹುಲ್ಲಿನಲ್ಲಿಯೂ ಎಲ್ಲವೂ ಒಂದೇ ಅಲ್ಲ. ಕೌಚ್ ಎಂಬ ಜಾತಿಯೊಂದಿದೆ. ನಮ್ಮ ಗರಿಕೆಯ ಸ್ವಭಾವದ್ದು. ಅದರ ಬಿಳಿಯ ದಂಟು ನೆಲದೊಳಗೇ ಹರಿಯುತ್ತ ಗೆಣ್ಣುಗೆಣ್ಣಿಗೂ ಚಿಗುರುತ್ತದೆ. ಒಂದು ಅಂಗುಲದ ಚೂರು ಉಳಿದರೂ ಮುಂದಿನ ಮಳೆಗೆ ಅದು ಒಂದು ಸಂಸಾರ. ಇದನ್ನು ಹೂಳುವಂತಿಲ್ಲ, ಕೊಚ್ಚುವಂತಿಲ್ಲ. ನಾಲ್ಕು ಹಲ್ಲಿನ ಫೋರ್ಕಿನಿಂದ ಮಣ್ಣನ್ನು ಸಡಿಲಿಸಿ, ಮೊಣಕಾಲೂರಿ ಕುಳಿತು, ದಾರ ಬಿಡಿಸುವಂತೆ ಕೈಯಿಂದಲೇ ಎಳೆದು ತೆಗೆಯಬೇಕು. ಹುಲ್ಲುನೆಲದಲ್ಲಿ ಹೊಂಬಣ್ಣದ ಗಡಸು ಹುಳುವೊಂದು ಇರುತ್ತದೆ. ತಂತಿಯ ಚೂರಿನಂತೆ ಕಾಣುವುದರಿಂದ ತಂತಿಹುಳು ಎಂದೇ ಅದರ ಹೆಸರು. ನಾಲ್ಕೈದು ವರ್ಷ ಮಣ್ಣಿನಲ್ಲಿಯೇ ಇದ್ದು ಆಲೂಗಡ್ಡೆಯನ್ನು ತೂತು ತೂತು ಮಾಡುತ್ತದೆ. ಆದರೂ ಹೊಸದಾಗಿ ಮುರಿದ ನೆಲಕ್ಕೆ ಮೊದಲ ವರ್ಷ ಆಲೂಗಡ್ಡೆಯನ್ನೇ ಹಾಕುವುದು ವಾಡಿಕೆ. ಅದು ನೆಲವನ್ನು ಶುದ್ಧಮಾಡುತ್ತದೆಂದು ಪಕ್ಕದ ತುಂಡಿನ ಮುದುಕನೊಬ್ಬ ನಮಗೆ ಹೇಳಿದ. ಶುದ್ಧಮಾಡುವುದು ಗೆಡ್ಡೆಯಲ್ಲ, ಅದಕ್ಕಾಗಿ ಅಗೆದು, ಮಣ್ಣೇರಿಸಿ, ಮತ್ತೆ ಅಗೆದು ಕೀಳುವ ಮನುಷ್ಯನ ಬೆನ್ನು ಎಂಬುದು ಎರಡನೆಯ ದಿನದ ಸಂಜೆ ನನಗೆ ಮನದಟ್ಟಾಯಿತು.

ಆ ನೆಲವನ್ನು ನಾನು ಗೋಮಾಳವೆಂದು ಕರೆದದ್ದು ನಗೆಗೆ. ಊರಿಗೆ ಬಂದು ಚರಿತ್ರೆಯ ಪುಸ್ತಕಗಳನ್ನು ತಿರುವಿದಾಗ ಆ ಮಾತಿನಲ್ಲಿ ನಾನೆಣಿಸಿದುದಕ್ಕಿಂತ ಹೆಚ್ಚು ನಿಜವಿದ್ದದ್ದು ತಿಳಿಯಿತು.

ಹಳೆಯ ಇಂಗ್ಲೆಂಡಿನ ಹಳ್ಳಿಗಳಲ್ಲಿ ನಮ್ಮ ಗೋಮಾಳದಂಥ ನೆಲ ವಿಶೇಷವಾಗಿತ್ತು. ಒಡೆತನ ಜಹಗೀರುದಾರನದಾದರೂ ಹಸು ಮೇಯಿಸುವ, ಸೌದೆ ಆಯುವ, ಒಲೆಗೆ ಹುಲ್ಲುಹೆಂಟೆ ತರುವ ಹಕ್ಕು ಊರಿನ ಅನೇಕರಿಗೆ ಇತ್ತು. ಒಂದು ಹಸು, ನಾಲ್ಕು ಬಾತುಕೋಳಿ ಇದ್ದವನು ವರ್ಷದ ಕೆಟ್ಟ ತಿಂಗಳನ್ನು ಹೇಗೋ ದಾಟಿಕೊಳ್ಳುತ್ತಿದ್ದ. ಅವನಿಗೆ ಹುಲ್ಲು ಕಳೆಯಲ್ಲ. ಹಾಲು, ಬೆಣ್ಣೆ, ಬೆಂಕಿ. ಇಂಥ ನೆಲವನ್ನು ಬೇಲಿಯೊಳಕ್ಕೆ ಸೇರಿಸಿಕೊಂಡು ಒಬ್ಬೊಬ್ಬನ ಸ್ವಂತ ಜಮೀನಾಗಿ ಮಾಡುವ ಕ್ರಮ ಬಹಳ ಹಳೆಯದು. ೧೬೦೪ರಿಂದ ೧೯೧೪ರವರೆಗೆ ಇದಕ್ಕಾಗಿ ಪಾರ್ಲಿಮೆಂಟು ಅಂಗೀಕರಿಸಿದ ಕಾನೂನುಗಳು ೫,೨೦೦ಕ್ಕೂ ಹೆಚ್ಚು. ಬೇಲಿಯೊಳಗೆ ಹೋದ ನೆಲ ಸುಮಾರು ೬೮ ಲಕ್ಷ ಎಕರೆ. ಹಕ್ಕನ್ನು ಕಾಗದದಲ್ಲಿ ತೋರಿಸಬಲ್ಲವರಿಗೆ ಪರಿಹಾರವಾಗಿ ಪಾಲು ಹಂಚಿದರು. ಪಾಲು ಹಂಚುವುದಕ್ಕೇ ಅಲಾಟ್‌ಮೆಂಟ್ ಎಂದು ಹೆಸರು. ಬಡವರಲ್ಲಿ ಬಹುಮಂದಿಗೆ ಇದ್ದದ್ದು ರೂಢಿಯ ಹಕ್ಕು, ಕಾಗದವಿರಲಿಲ್ಲ.

ಈ ದೀರ್ಘಕಥೆಯ ನಡುವೆ ೧೬೪೯ನೆಯ ಇಸವಿಯ ಒಂದು ಪ್ರಸಂಗ ಬರುತ್ತದೆ. ಆ ವರ್ಷದ ಜನವರಿ ೩೦ರಂದು ಇಂಗ್ಲೆಂಡಿನವರು ತಮ್ಮ ದೊರೆ ಒಂದನೆಯ ಚಾರ್ಲ್ಸನ ತಲೆ ತೆಗೆದಿದ್ದರು. ವರ್ಷಗಳ ಅಂತರ್ಯುದ್ಧ, ಕೆಟ್ಟ ಬೆಳೆ, ಏರಿದ ಧಾನ್ಯದ ಬೆಲೆ. ಏಪ್ರಿಲ್ ಒಂದನೆಯ ತಾರೀಖು, ಭಾನುವಾರ, ಲಂಡನ್ನಿಗೆ ನೈರುತ್ಯದಲ್ಲಿರುವ ಸರೆ ಪ್ರಾಂತದ ಸೇಂಟ್ ಜಾರ್ಜ್ ಗುಡ್ಡಕ್ಕೆ ಬೆರಳೆಣಿಕೆಯ ಮಂದಿ ಸನಿಕೆ ಹೊತ್ತುಕೊಂಡು ಹೋಗಿ ಬೀಳುನೆಲವನ್ನು ಅಗೆಯಲಾರಂಭಿಸಿದರು. ಪಾರ್ಸ್ನಿಪ್ ಎಂಬ ಬಿಳಿಯ ಗೆಡ್ಡೆ, ಗಜ್ಜರಿ, ಅವರೆಯ ಜಾತಿಯ ಕಾಳು: ಇವು ಅವರು ಬಿತ್ತಿದ ಬೆಳೆ. ಕೆಲವು ದಿನಗಳಲ್ಲಿ ಅವರು ಇಪ್ಪತ್ತು ಮೂವತ್ತು ಮಂದಿಯಾದರು. ಬೇಗನೆ ನಾಲ್ಕೈದು ಸಾವಿರ ಜನ ಕೂಡುವರೆಂದು ಹೇಳಿಕೊಂಡರು. ಅವರ ಮುಂದಾಳು ಜೆರಾರ್ಡ್ ವಿನ್‌ಸ್ಟನ್ಲಿ, ಲಂಡನ್ನಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿ ಯುದ್ಧಕಾಲದಲ್ಲಿ ದಿವಾಳಿಯೆದ್ದು ಹಳ್ಳಿಗೆ ಬಂದು ದನ ಕಾಯುತ್ತಿದ್ದವನು. ಜನ ಇವರನ್ನು ಡಿಗರ್‌ಗಳೆಂದು, ಎಂದರೆ ಅಗೆಯುವವರೆಂದು ಕರೆದರು.

ಇವರು ಮಾಡಿದ್ದಕ್ಕೆ ನಮ್ಮ ಕಂದಾಯ ಇಲಾಖೆಯ ಭಾಷೆಯಲ್ಲಿ ಸರಿಯಾದ ಹೆಸರಿದೆ: ಬಗರ್ ಹುಕುಂ ಸಾಗುವಳಿ. ಅಪ್ಪಣೆಯಿಲ್ಲದ ಬೇಸಾಯ. ಆದರೆ ವಿನ್‌ಸ್ಟನ್ಲಿ ಅಪ್ಪಣೆ ಬೇಡುವವನಲ್ಲ. ಭೂಮಿ ಎಲ್ಲರ ಸಮಾನ ಬೊಕ್ಕಸ. ಅದನ್ನು ಕೊಳ್ಳುವುದೂ ಮಾರುವುದೂ ಅನ್ಯಾಯದ ಮೂಲ. ದೊರೆಯ ತಲೆ ಹೋದ ಮೇಲೂ ಜಮೀನುದಾರನ ಅಧಿಕಾರ ಉಳಿದರೆ ಬಡವರು ಯುದ್ಧದಲ್ಲಿ ರಕ್ತ ಸುರಿಸಿದ್ದು ಯಾವ ಸುಖಕ್ಕೆ? ಇದು ಅವನ ವಾದದ ಸಾರ. ಬೇರೆಯವರ ಬೇಲಿಯನ್ನು ಅವರು ಕೀಳಲಿಲ್ಲ, ಆಯುಧ ಹಿಡಿಯಲಿಲ್ಲ. ಉಳ್ಳವರ ಜಮೀನು ಉಳ್ಳವರಿಗಿರಲಿ, ಬೀಳುನೆಲವನ್ನು ನಾವು ಕೂಡಿ ಅಗೆದು ಕೂಡಿ ಉಣ್ಣುತ್ತೇವೆ ಎಂದರು. ಏಪ್ರಿಲ್ ೨೦ರಂದು ಸೇನಾಧಿಪತಿ ಫೇರ್‌ಫ್ಯಾಕ್ಸನ ಮುಂದೆ ವಿನ್‌ಸ್ಟನ್ಲಿ ಮತ್ತು ಅವನ ಜೊತೆಗಾರ ಎವರಾರ್ಡ್ ನಿಂತಾಗ ಟೊಪ್ಪಿಗೆ ತೆಗೆಯಲಿಲ್ಲ. ಅವನೂ ನಮ್ಮಂತೆ ಒಬ್ಬ ಮನುಷ್ಯ ತಾನೆ ಎಂಬುದು ಅವರ ಸಮಾಧಾನ.

ಸೇನೆಯಿಂದ ಅವರಿಗೆ ದೊಡ್ಡ ಅಪಾಯ ಒದಗಲಿಲ್ಲ. ಒದಗಿದ್ದು ನೆರೆಯ ಜಮೀನುದಾರರಿಂದ. ಪೈರನ್ನು ತುಳಿಸಿದರು, ಸನಿಕೆಗಳನ್ನು ಮುರಿದರು, ದಾವೆ ಹೂಡಿದರು. ಆಗಸ್ಟಿನ ಹೊತ್ತಿಗೆ ಅವರು ಸಮೀಪದ ಕೋಭಮ್ಮಿನ ಬಯಲಿಗೆ ಗುಳೆ ಹೋದರು. ೧೬೫೦ರ ಏಪ್ರಿಲ್‌ನಲ್ಲಿ ಪ್ಲಾಟ್ ಎಂಬ ಪಾದ್ರಿ ಆಳುಗಳೊಡನೆ ಬಂದು ಗುಡಿಸಲುಗಳನ್ನು ಸುಡಿಸಿದ. ಒಂದು ವರ್ಷ ತುಂಬಿದ ಸ್ವಲ್ಪದರಲ್ಲೇ ಎಲ್ಲವೂ ಮುಗಿಯಿತು. ಆ ಸೇಂಟ್ ಜಾರ್ಜ್ ಗುಡ್ಡ ಇಂದು ಶ್ರೀಮಂತರ ಖಾಸಗಿ ಬಡಾವಣೆ. ಬಾಗಿಲಲ್ಲಿ ಕಾವಲು, ಒಳಗೆ ಗಾಲ್ಫ್ ಮೈದಾನ. ಗಜ್ಜರಿ ಬಿತ್ತಬೇಕೆಂದವರ ಗುಡ್ಡದ ಮೇಲೆ ಕತ್ತರಿಸಿದ ಹುಲ್ಲು ಹಾಸಿಕೊಂಡಿದೆ. ಚರಿತ್ರೆಗೆ ವ್ಯಂಗ್ಯ ತಿಳಿಯದೆಂದು ಯಾರು ಹೇಳಿದರು?

ಕೇಳಿ ಪಡೆಯಲಾಗದ್ದನ್ನು ಒಂದೂವರೆ ಶತಮಾನದ ಮೇಲೆ ಉಳ್ಳವರೇ ತುಣುಕು ತುಣುಕಾಗಿ ಕೊಡಲು ಮುಂದಾದರು. ಕಾರಣ ದಯೆಯೊಂದೇ ಅಲ್ಲ, ಲೆಕ್ಕಾಚಾರವೂ ಉಂಟು. ಹಸು ಹೋಗಿ, ಗೋಮಾಳ ಹೋಗಿ, ಕೂಲಿಯೊಂದನ್ನೇ ನೆಚ್ಚಿದ ಸಂಸಾರ ಬರಗಾಲ ಬಂದಾಗ ಊರಿನ ಧರ್ಮಾರ್ಥ ತೆರಿಗೆಯ ಮೇಲೆ ಬೀಳುತ್ತಿತ್ತು. ಆ ತೆರಿಗೆ ಕೊಡುವವರು ಜಮೀನುದಾರರೇ. ಬೇಲಿ ಹಾಕುವುದರ ಪರವಾಗಿ ವರ್ಷಗಟ್ಟಲೆ ವಾದಿಸಿದ್ದ ಆರ್ಥರ್ ಯಂಗ್ ಎಂಬ ಕೃಷಿತಜ್ಞನೇ ೧೮೦೦ರ ಸುಮಾರಿಗೆ ಧ್ವನಿ ಬದಲಿಸಿ, ಕೂಲಿಯವನಿಗೆ ಆಲೂಗಡ್ಡೆಗೂ ಹಸುವಿಗೂ ಸಾಕಾಗುವಷ್ಟು ನೆಲ ಕೊಡಿ ಎಂದು ಬರೆದ. ವಿಲ್ಟ್‌ಷೈರಿನ ಗ್ರೇಟ್ ಸೋಮರ್‌ಫರ್ಡ್ ಎಂಬ ಹಳ್ಳಿಯಲ್ಲಿ ಡೆಮೇನ್‌ಬ್ರೇ ಎಂಬ ಪಾದ್ರಿ, ಊರಿನ ನೆಲ ಬೇಲಿಯೊಳಗೆ ಹೋಗುವಾಗ ಹಟ ಹಿಡಿದು ಬಡವರಿಗೆಂದು ಒಂದಿಷ್ಟು ಪಾಲು ತೆಗೆಸಿದ. ೧೮೦೯ರಲ್ಲಿ ಹುಟ್ಟಿದ ಆ ತೋಟಗಳು ಇಂದಿಗೂ ಇವೆ. ಪಾದ್ರಿಗಳಲ್ಲಿ ಪ್ಲಾಟನಂಥವರೂ ಇದ್ದರು, ಇಂಥವರೂ ಇದ್ದರು ಎನ್ನಬೇಕು.

ಉಳಿದವರ ಕಣ್ಣು ತೆರೆಸಿದ್ದು ಭಯ. ೧೮೩೦ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ಎದ್ದರು. ಚಳಿಗಾಲದ ಕೂಲಿಯನ್ನು ಕಿತ್ತುಕೊಂಡ ಒಕ್ಕಣೆ ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿ ಇಟ್ಟರು. ಕ್ಯಾಪ್ಟನ್ ಸ್ವಿಂಗ್ ಎಂಬ ಹೆಸರಿನಲ್ಲಿ ಬೆದರಿಕೆ ಕಾಗದಗಳು ಬಂದವು. ಅಂಥ ಮನುಷ್ಯ ಯಾರೂ ಇರಲಿಲ್ಲ. ಹತ್ತೊಂಬತ್ತು ಮಂದಿಗೆ ಗಲ್ಲಾಯಿತು. ನಾನೂರೈವತ್ತಕ್ಕೂ ಹೆಚ್ಚು ಮಂದಿಯನ್ನು ಹಡಗೇರಿಸಿ ಆಸ್ಟ್ರೇಲಿಯದ ಕಡೆಗೆ ಸಾಗಿಸಿದರು. ಇದಾದ ಮೇಲೆ ಜಮೀನುದಾರರು ಕೂಲಿಯವರಿಗೆ ತುಂಡು ನೆಲ ಕೊಡುವುದು ಹಳ್ಳಿ ಹಳ್ಳಿಗೂ ಹರಡಿತು. ತನ್ನ ಆಲೂಗಡ್ಡೆ ನೆಲದಲ್ಲಿರುವವನು ಪರರ ಬಣವೆಗೆ ಬೆಂಕಿ ಇಡಲಾರನೆಂಬ ನಂಬಿಕೆ.

ಆದರೆ ಕೊಟ್ಟ ಕೈ ಹಗ್ಗವನ್ನು ಬಿಡಲಿಲ್ಲ. ಅನೇಕ ಕಡೆಗಳಲ್ಲಿ ಕರಾರು ಹೀಗಿತ್ತು: ನೇಗಿಲು ಕೂಡದು, ಸನಿಕೆಯಿಂದಲೇ ಅಗೆಯಬೇಕು. ಭಾನುವಾರ ಕೆಲಸ ಕೂಡದು, ಚರ್ಚಿಗೆ ಹೋಗಬೇಕು. ಯಜಮಾನನ ಹೊಲದ ಕೆಲಸದ ಹೊತ್ತಿನಲ್ಲಿ ತನ್ನ ತುಂಡಿಗೆ ಇಳಿಯಕೂಡದು. ಅಪರಾಧಕ್ಕೆ ಸಿಕ್ಕಿಬಿದ್ದವನಿಗೆ ತುಂಡು ತಪ್ಪಿತು. ತೀರ ದೊಡ್ಡ ತುಂಡು ಕೊಟ್ಟರೆ ಆಳು ಅಲ್ಲಿಯೇ ದಣಿದು ಹೋದಾನೆಂದು, ಇಲ್ಲವೆ ಕೂಲಿಗೇ ಬರದೆ ಸ್ವತಂತ್ರನಾದಾನೆಂದು ಬೇಸಾಯದ ಸಾಹುಕಾರರಿಗೆ ಅಂಜಿಕೆ. ಆದುದರಿಂದ ಹಸಿವು ಹಿಂಗಬೇಕು, ಆದರೆ ಬಿಡುಗಡೆ ಸಿಕ್ಕಬಾರದು. ಅಂಥ ಅಳತೆ ಬೇಕು. ಎರಡೂವರೆ ಗುಂಟೆ ಆ ಅಳತೆಗೆ ಚೆನ್ನಾಗಿ ಹೊಂದುತ್ತದೆ. ೧೮೪೫ರ ಕಾಯಿದೆ, ಇನ್ನು ಮೇಲೆ ಬೇಲಿ ಹಾಕುವಾಗ ಬಡವರ ತೋಟಕ್ಕೆ ನೆಲ ಮೀಸಲಿಡುವ ಏರ್ಪಾಡು ಮಾಡಿತು. ಮುಂದಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಬೇಲಿಯೊಳಗೆ ಹೋದದ್ದು ಆರು ಲಕ್ಷ ಎಕರೆಗೂ ಮಿಗಿಲು. ಬಡವರ ತೋಟಕ್ಕೆ ಬಂದದ್ದು ಸುಮಾರು ೨,೨೦೦ ಎಕರೆ. ಕಾಯಿದೆಯ ಮಾತು ಒಂದು, ಕೈಯ ಕೆಲಸ ಇನ್ನೊಂದು ಎಂಬುದು ನಮ್ಮ ದೇಶದ ವಿಶೇಷವೇನೂ ಅಲ್ಲ.

ಹಳ್ಳಿಯ ಕೂಲಿಯವನಿಗೆ ಮತದಾನದ ಹಕ್ಕು ಬಂದದ್ದು ೧೮೮೪ರಲ್ಲಿ. ಆ ಮೇಲೆ ರಾಜಕಾರಣಿಗಳಿಗೆ ಅವನ ಹೊಟ್ಟೆಯ ನೆನಪು ಬಂತು. ಮೂರು ಎಕರೆ ಮತ್ತು ಒಂದು ಹಸು ಎಂಬುದು ಮರುವರ್ಷದ ಚುನಾವಣೆಯ ಘೋಷಣೆ. ಜೆಸಿ ಕಾಲಿಂಗ್ಸ್ ಎಂಬಾತ ಅದರ ಮುಖ್ಯ ಪ್ರಚಾರಕ. ಮೂರು ಎಕರೆ ಬರಲಿಲ್ಲ, ಹಸುವೂ ಬರಲಿಲ್ಲ. ಬಂದದ್ದು ೧೮೮೭ರ ಅಲಾಟ್‌ಮೆಂಟ್ ಕಾಯಿದೆ. ಅದಕ್ಕೆ ಹಲ್ಲು ಬಂದದ್ದು ೧೯೦೮ರ ಕಾಯಿದೆಯಲ್ಲಿ. ಊರಿನ ಆರು ಮಂದಿ ಮತದಾರರೋ ತೆರಿಗೆದಾರರೋ ಸೇರಿ ನೆಲ ಬೇಕೆಂದು ಬರೆದುಕೊಟ್ಟರೆ ಪುರಸಭೆ ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ಇದ್ದ ಕಡೆ ನೆಲ ಒದಗಿಸುವುದು ಅದರ ಕರ್ತವ್ಯ. ೧೯೨೨ರ ಕಾಯಿದೆ ತೋಟದ ಮೇರೆಯನ್ನು ೪೦ ರಾಡಿಗೆ, ಎಂದರೆ ನಮ್ಮ ಹತ್ತು ಗುಂಟೆಗೆ ನಿಲ್ಲಿಸಿ, ಬೆಳೆದದ್ದು ಮುಖ್ಯವಾಗಿ ಮನೆಯವರ ಊಟಕ್ಕೆ ಎಂದು ಬರೆಯಿತು. ೧೯೨೫ರ ಕಾಯಿದೆ, ಪುರಸಭೆಗಳು ಇದಕ್ಕೆಂದೇ ಪಡೆದ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಮಾರದಂತೆ ತಡೆಯಿತು. ಯಜಮಾನನ ಕೃಪೆಯಾಗಿದ್ದುದು ಹೀಗೆ ನಾಗರಿಕನ ಹಕ್ಕಾಯಿತು. ಈ ಬದಲಾವಣೆಗೆ ನೂರು ವರ್ಷ ಹಿಡಿಯಿತು.

ಯುದ್ಧಗಳು ಬಂದಾಗ ಈ ಹಕ್ಕು ದೇಶದ ಆಧಾರವೇ ಆಯಿತು. ಜರ್ಮನರ ಜಲಾಂತರ್ಗಾಮಿಗಳು ಧಾನ್ಯದ ಹಡಗುಗಳನ್ನು ಮುಳುಗಿಸುತ್ತಿದ್ದ ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟನ್ನಿನಲ್ಲಿ ಸುಮಾರು ಹದಿನೈದು ಲಕ್ಷ ತುಂಡುಗಳಿದ್ದವು. ಎರಡನೆಯ ಯುದ್ಧ ಆರಂಭವಾದ ಮರುತಿಂಗಳೇ, ೧೯೩೯ರ ಅಕ್ಟೋಬರ್‌ನಲ್ಲಿ, ಕೃಷಿಮಂತ್ರಿ ರೆಜಿನಾಲ್ಡ್ ಡಾರ್ಮನ್-ಸ್ಮಿತ್ ರೇಡಿಯೋದಲ್ಲಿ ಇನ್ನೂ ಐದು ಲಕ್ಷ ತುಂಡುಗಳು ಬೇಕೆಂದು ಕೇಳಿದ. ಗೆಲುವಿಗಾಗಿ ಅಗೆಯಿರಿ ಎಂಬ ಚಳವಳಿ ಹುಟ್ಟಿತು. ಸನಿಕೆಯ ಮೇಲೆ ಊರಿದ ಒಂದು ಪಾದದ ಭಿತ್ತಿಪತ್ರ ಊರೂರಿನ ಗೋಡೆಗಳ ಮೇಲೆ ಕಾಣಿಸಿತು. ತೊಂಬತ್ತಡಿ ಉದ್ದ ಮೂವತ್ತಡಿ ಅಗಲದ ತುಂಡಿನಲ್ಲಿ ಯಾವ ಸಾಲಿಗೆ ಏನು, ಅದನ್ನು ಕಿತ್ತ ಮೇಲೆ ಏನು ಎಂದು ಸರ್ಕಾರ ನಕ್ಷೆ ಬರೆದು ಹಂಚಿತು. ಲಂಡನ್ ಕೋಟೆಯ ಕಂದಕದಲ್ಲಿ ತರಕಾರಿ ಬೆಳೆಯಿತು. ಕೆನ್ಸಿಂಗ್‌ಟನ್ ಉದ್ಯಾನದ ಹೂವಿನ ನೆಲಕ್ಕೆ ಕೋಸು ಬಂತು. ೧೬೪೯ರಲ್ಲಿ ಬೀಳುನೆಲವನ್ನು ಅಗೆದವರ ಗುಡಿಸಲು ಸುಟ್ಟ ದೇಶ, ಅಗೆಯದವನನ್ನು ನಾಚಿಸುವ ದೇಶವಾಯಿತು.

ಡಾರ್ಮನ್-ಸ್ಮಿತ್ ಮಾತ್ರ ಮಂತ್ರಿಪದವಿಯಲ್ಲಿ ಬಹುಕಾಲ ಇರಲಿಲ್ಲ. ೧೯೪೧ರಲ್ಲಿ ಅವನು ಬರ್ಮಾದ ಗೌರ್ನರಾಗಿ ಬಂದ. ೧೯೪೨ರ ಮಾರ್ಚಿನಲ್ಲಿ ರಂಗೂನು ಜಪಾನಿಗಳ ವಶವಾಯಿತು. ಗೌರ್ನರು ಸಿಮ್ಲಾಕ್ಕೆ ಬಂದು ಸೇರಿದ. ಬರ್ಮಾದಿಂದ ಹಿಂದೂದೇಶಕ್ಕೆ ಬರುತ್ತಿದ್ದ ಲಕ್ಷಾಂತರ ಟನ್ ಅಕ್ಕಿ ಅಂದಿಗೆ ನಿಂತಿತು. ಆಗ ನಮ್ಮಲ್ಲಿಯೂ ಒಂದು ಘೋಷಣೆ ಹೊರಟಿತು: ಹೆಚ್ಚು ಆಹಾರ ಬೆಳೆಯಿರಿ. ಬೀಳು ಬಿಟ್ಟ ನೆಲವನ್ನು ಉಳಿರಿ, ಹತ್ತಿಯ ಬದಲು ಧಾನ್ಯ ಹಾಕಿ, ಹಿತ್ತಿಲಲ್ಲಿ ತರಕಾರಿ ಬೆಳೆಯಿರಿ ಎಂದರು. ಮಾತು ಒಂದೇ, ಯುದ್ಧ ಒಂದೇ, ಸಾಮ್ರಾಜ್ಯವೂ ಒಂದೇ. ಆದರೆ ಲಂಡನ್ನಿನ ಗುಮಾಸ್ತೆಯ ಬೆನ್ನ ಹಿಂದೆ ೧೯೦೮ರ ಕಾಯಿದೆಯೂ ಸಮನಾದ ರೇಷನ್ ವ್ಯವಸ್ಥೆಯೂ ಇದ್ದವು. ಬಂಗಾಳದ ಕೂಲಿಯವನ ಹಿಂದೆ ಎರಡೂ ಇರಲಿಲ್ಲ. ೧೯೪೩ರ ಆ ಕ್ಷಾಮದಲ್ಲಿ ಮಡಿದವರು ಸುಮಾರು ಮೂವತ್ತು ಲಕ್ಷ. ಅವರಲ್ಲಿ ಹೆಚ್ಚಿನವರು ಹೊಲವಿಲ್ಲದ ಕೂಲಿಕಾರರು, ಬೆಸ್ತರು, ಹಳ್ಳಿಯ ಕಸುಬಿನವರು. ಬೆಲೆಯೇರಿದಾಗ ಅವರ ಕೂಲಿಗೆ ಅಕ್ಕಿ ದಕ್ಕಲಿಲ್ಲ ಎಂಬುದನ್ನು ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ಬೆಳೆಯಿರಿ ಎಂಬ ಮಾತು ನೆಲವಿದ್ದವನಿಗೆ ಉಪದೇಶ; ನೆಲವಿಲ್ಲದವನಿಗೆ ಪರಿಹಾಸ್ಯ. ೧೯೬೫ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನು ಉಳಿಸಿ ಧಾನ್ಯ ಬಿತ್ತಿಸಿದರು. ಮಾತಿಗಿಂತ ಮೊದಲು ತನ್ನ ಹುಲ್ಲನ್ನು ಕಿತ್ತ ನಾಯಕನ ನಡೆ ಜನರ ಮನಸ್ಸಿನಲ್ಲಿ ಉಳಿದದ್ದು ಆಶ್ಚರ್ಯವಲ್ಲ.

ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ತುಂಡುಗಳಿಗೆ ಇಳಿಗಾಲ ಬಂತು. ಅಂಗಡಿಯಲ್ಲಿ ತರಕಾರಿ ಅಗ್ಗವಾಯಿತು. ನೆಲಕ್ಕೆ ಮನೆ ಕಟ್ಟುವವರ ಬೆಲೆ ಬಂತು. ಕೈಬಿಟ್ಟ ಪಾತಿಗಳ ಮೇಲೆ ಹುಲ್ಲು ಎದ್ದಿತು. ೧೯೬೯ರಲ್ಲಿ ಪ್ರೊಫೆಸರ್ ಥಾರ್ಪರ ಸಮಿತಿ ಇವುಗಳ ಬಡತನದ ಕಳಂಕ ತೊಡೆದು ವಿರಾಮದ ತೋಟಗಳೆಂದು ಕರೆಯೋಣವೆಂದು ಸಲಹೆ ಮಾಡಿತು. ಜನ ಹಳೆಯ ಹೆಸರನ್ನೇ ಉಳಿಸಿಕೊಂಡರು. ೧೯೯೦ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಉಳಿದಿದ್ದವು ಸುಮಾರು ಮೂರು ಲಕ್ಷ. ಈಚೆಗೆ ಗಾಳಿ ಮತ್ತೆ ತಿರುಗಿದೆ. ಕಾಯುವವರ ಪಟ್ಟಿಯಲ್ಲಿ ಲಕ್ಷಕ್ಕೂ ಮಿಗಿಲು ಹೆಸರುಗಳಿವೆ. ಹಾಗಾಗಿಯೇ ತುಂಡನ್ನು ಪಡೆದವನು ಹುಲ್ಲು ಬೆಳೆಯಗೊಟ್ಟರೆ ನೋಟೀಸು ಬರುತ್ತದೆ. ತಿದ್ದಿಕೊಳ್ಳದಿದ್ದರೆ ತುಂಡು ಮುಂದಿನವನಿಗೆ.

ಈ ಕಥೆಯಲ್ಲಿ ಹುಲ್ಲಿಗೆ ಎರಡು ಮುಖ. ಗೋಮಾಳವಿದ್ದ ಕಾಲದಲ್ಲಿ ಅದು ಬಡವನ ಸೊತ್ತು. ಅದನ್ನು ಕಳೆದುಕೊಂಡವನಿಗೆ ಸಮಾಧಾನಕ್ಕೆಂದು ಅಗೆಯಲು ಮಣ್ಣು ಕೊಟ್ಟರು. ಅಲ್ಲಿ ಅದೇ ಹುಲ್ಲು ಅವನಿಗೆ ಶತ್ರುವಾಯಿತು. ನಮ್ಮ ನಾಡಿನಲ್ಲಿಯೂ ಗೋಮಾಳಗಳು ಕರಗಿವೆ: ಕೆಲವು ದರಖಾಸ್ತಿನಿಂದ ನೆಲವಿಲ್ಲದವರಿಗೆ ಹೋದವು, ಕೆಲವು ಬಗರ್ ಹುಕುಂ ಆದವು, ಇನ್ನು ಕೆಲವು ಬಡಾವಣೆಗಳಾಗಿ ನಮ್ಮ ನಿಮ್ಮಂಥವರ ಸೈಟುಗಳಾದವು. ಮನೆಯ ಮುಂದೆ ಹುಲ್ಲುಹಾಸು ಬೆಳೆಸಿ ಅದಕ್ಕೆ ನೀರು ಹಾಯಿಸುವಾಗ ಆ ನೆಲದಲ್ಲಿ ಹಿಂದೆ ಯಾರ ಹಸು ಮೇಯುತ್ತಿತ್ತೆಂದು ನಾವು ಕೇಳಿಕೊಳ್ಳುವುದಿಲ್ಲ.

ವಿನ್‌ಸ್ಟನ್ಲಿ ಸೋತ. ಭೂಮಿ ಎಲ್ಲರ ಸಮಾನ ಬೊಕ್ಕಸವಾಗಲಿಲ್ಲ. ಆಗುವ ಸೂಚನೆಯೂ ಇಲ್ಲ. ಆದರೆ ಅಗೆದು ಉಣ್ಣಬಲ್ಲವನಿಗೆ ಅಗೆಯಲು ಒಂದಿಷ್ಟು ನೆಲ ಇರಬೇಕು, ಅದನ್ನು ಊರೇ ಒದಗಿಸಬೇಕು ಎಂಬ ಅವನ ಆಸೆಯ ಒಂದು ಚೂರು ಕಾಯಿದೆಯ ಪುಸ್ತಕದಲ್ಲಿ ಬೇರು ಬಿಟ್ಟಿತು. ಕೌಚ್ ಹುಲ್ಲಿನ ಗುಣವೇ ಅದು; ಒಂದು ಅಂಗುಲ ಉಳಿದಿದ್ದರೆ ಸಾಕು.